ಮೆಹರೂನ್‌ಳ ಮೋರೆ ನೋಡಿದ್ದು

ಟಪ್. ಟಪ್. ಟಪ್.

ಟೇಬಲ್ಲಿನ ಅಂಚಿನಿಂದ ಚಹಾ ನೆಲಕ್ಕೆ ತೊಟ್ಟಿಕ್ಕಿದ ಸದ್ದು ಅದು. ಟೀಪಾಟ್ ಹಿಡಿದು ವೆರಿ ಗ್ರೇಸ್‌ಫುಲಿ ಬಗ್ಗಿಸಿದ್ದೆ. ಕಪ್ಪಿಗೆ ಬಿದ್ದಿರಲಿಲ್ಲ.

"ಏ ಸುಶೀ, ಕಪ್ ಈ ಕಡೆ ಅದ. ಟೇಬಲ್ಲಿಗ್ಯಾಕ ಚಾ ಕುಡಿಸಾಕತ್ತಿ?" ಎಂದಳು ಮೆಹರೂನ್.

ಕಾನ್ವೆಂಟಿನಲ್ಲಿ ನಮ್ಮದು ಒಂದೇ ಬೆಂಚು. ಈಗ ಶಹಾಪುರದಲ್ಲಿ ಒಂದೇ ಓಣಿ. ಎಪ್ಪತ್ತು ದಾಟಿದ ಮೇಲೆ ಸಂಜೆಯ ಈ ಚಹಾವೇ ನಮ್ಮ ಸೋಷಿಯಲ್ ಲೈಫ್.

ಯಾದಗಿರಿಯ ಡಾಕ್ಟರು ಟಾರ್ಚ್ ಬಿಟ್ಟು ನೋಡಿದರು. "ಕ್ಯಾಟರಾಕ್ಟ್ ರಿ ಅಮ್ಮಾ, ಎರಡೂ ಕಣ್ಣಿಗೆ. ಮೊದಲು ಬಲಗಣ್ಣು ಮಾಡೋಣ."

ಬೇಸಿಗೆ ಮುಗಿಯಲಿ ಅಂದೆ. ಆಮೇಲೆ ಮಳೆ ಮುಗಿಯಲಿ ಅಂದೆ. ಟು ಬಿ ಆನೆಸ್ಟ್, ಹೆದರಿಕೆ. ಅಷ್ಟರಲ್ಲಿ ಮೆಹರೂನ್ ಸುದ್ದಿ ತಂದಳು.

ಹೈದರಾಬಾದಿಗೆ ಹೋಗುತ್ತಾಳಂತೆ. ಮಗಳ ಮನೆಗೆ. ಇನ್ನು ಅಲ್ಲೇ.

ಎದುರಿಗೇ ಕೂತಿದ್ದಳು. ನನಗೆ ಕಂಡದ್ದು ಹಾಲಿನಲ್ಲಿ ಅದ್ದಿ ತೆಗೆದಂಥ ಒಂದು ಮುಖ, ಮೂಗುತಿಯ ಮಿಂಚು, ಅಷ್ಟೇ. ಹೋಗುವುದರೊಳಗೆ ಅವಳನ್ನು ಒಮ್ಮೆ ಸರಿಯಾಗಿ ನೋಡಲೇಬೇಕಿತ್ತು. ಮರುದಿನವೇ ಯಾದಗಿರಿಗೆ ಫೋನ್ ಮಾಡಿದೆ.

ಆಪರೇಷನ್ ಥಿಯೇಟರಿನಲ್ಲಿ ಮಲಗಿ ಇಂಗ್ಲಿಷಿನಲ್ಲಿ ಪ್ರೇಯರ್ ಶುರು ಮಾಡಿದೆ. ಆಮೆನ್ ಅನ್ನುವುದರೊಳಗೆ ಡಾಕ್ಟರು, "ಮುಗೀತ್ರಿ, ಏಳ್ರಿ" ಎಂದರು.

ಪಟ್ಟಿ ಬಿಚ್ಚಿದಾಗ ಮೊದಲು ಕಂಡದ್ದು ಯಾವುದೋ ಮುದುಕಿಯ ಕೈ. ಬಳೆ ನೋಡಿ ನನ್ನದೇ ಎಂದು ಗೊತ್ತಾಯಿತು. ಮನೆಗೆ ಬಂದರೆ ಮೂಲೆಮೂಲೆಗೂ ಜೇಡರ ಬಲೆ. ಕಣ್ಣು ಕಾಣದಿದ್ದಾಗ ನಾನು ಎಷ್ಟು ನೀಟಾದ ಹೆಂಗಸಾಗಿದ್ದೆ!

ಹೊರಡುವ ದಿನ ಮೆಹರೂನ್ ಬಂದಳು, ಮೋರೆ ತುಂಬ ಸೆರಗು ಎಳೆದುಕೊಂಡು.

"ಸೆರಗು ತೆಗಿ."

"ಹಂಗ ತೆಗಿಯಂಗಿಲ್ಲ. ನಮ್ಮಲ್ಲಿ ಹೊಸಾ ದುಲ್ಹನ್ ಮೋರೆ ನೋಡಬೇಕಂದ್ರ ಏನಾರ ಕೊಡಬೇಕು."

"ಎಪ್ಪತ್ತರ ಮದುಮಗಳು!"

"ನಿನ್ನ ಕಣ್ಣಾಗ ನಾ ಇನ್ನೂ ಚಂದ ಅದೀನಿ, ಸುಶೀ. ಅದನ್ನ ಪುಕ್ಕಟೆ ಬಿಟ್ಟು ಕೊಡಂಗಿಲ್ಲ."



ಆಸ್ಪತ್ರೆಯವರು ಕೊಟ್ಟ ಕಪ್ಪು ಗಾಗಲ್ಸನ್ನು ಮೂಗಿನ ಮೇಲಿಂದ ತೆಗೆದು ಅವಳ ಕೈಗಿಟ್ಟೆ.

ಸೆರಗು ಸರಿಯಿತು.

ಎಷ್ಟೊಂದು ಗೆರೆ! ಗದ್ದದ ಮೇಲೆ ಒಂದು ಉದ್ದನೆಯ ಬಿಳಿ ಕೂದಲು.

"ಹೆಂಗದೀನಿ?"

"ನನ್ನಂಗ."

"ಅಷ್ಟು ಕೆಟ್ಟ ಅದೀನೇನು?" ಎಂದು ನಕ್ಕಳು. ನನ್ನ ಕಣ್ಣು ತುಂಬಿತು. "ಅಳಬ್ಯಾಡ, ಹೊಸಾ ಕಣ್ಣು ಕೆಡ್ತದ!" ಎಂದು ಗದರಿದಳು.

ಎಡಗಣ್ಣು ಇನ್ನೂ ಬಾಕಿ. ಇರಲಿ, ಆ ದಿನಕ್ಕೆ ಒಂದೇ ಸಾಕಾಯಿತು.

ಬಸ್‌ಸ್ಟ್ಯಾಂಡಿನಲ್ಲಿ ಬಿಸಿಲಿಗೆ ಅಂಗೈ ಅಡ್ಡ ಹಿಡಿದು ನಿಂತೆ. ಕಿಟಕಿಯಲ್ಲಿ ಮೆಹರೂನ್, ನನ್ನ ಗಾಗಲ್ಸ್ ಹಾಕಿಕೊಂಡು, ಸಿನಿಮಾದವರ ಗತ್ತಿನಲ್ಲಿ ಕೂತಿದ್ದಳು. ಬಸ್ಸು ತಿರುಗುವವರೆಗೂ ಗದ್ದದ ಆ ಬಿಳಿ ಕೂದಲು ಸಹ ನನಗೆ ಸ್ಪಷ್ಟ ಕಂಡಿತು. ಅವಳನ್ನು ನಾನು ನೋಡಿದ್ದು ಅದೇ ಕಡೆಯ ಸಲ.