ಒತ್ತೆಕೋಲಕ್ಕೆ ಸೇರದ ಹೊರೆ

ನಾವು ಚಿಕ್ಕವರಿದ್ದಾಗ ಕಾಫಿ ಹೂ ಘಮ್ಮೆಂದರೆ ಸಾಕು, ಊರಿನವರ ಗಮನವೆಲ್ಲ ಸೌದೆಯ ಮೇಲೆ. ಊರ ಹಬ್ಬವಾದ ಒತ್ತೆಕೋಲದಲ್ಲಿ ವಿಷ್ಣುಮೂರ್ತಿ ದೈವ ಹಾಯುವ ಕೆಂಡಕ್ಕೆ ಆಳೆತ್ತರದ ರಾಶಿ ಬೇಕು. ಕಾಯಿಲೆ, ಕಷ್ಟ ಎಂದು ಹರಕೆ ಹೇಳಿಕೊಂಡವರು ದೇವರಕಾಡಿನಲ್ಲಿ ತಾನಾಗಿ ಬಿದ್ದ ಸೌದೆಯನ್ನು ಒಂದೊಂದು ಹೊರೆ ತಂದು ಒಪ್ಪಿಸುತ್ತಿದ್ದರು. ಮಕ್ಕಳು ನಾವು ಅಂಗಳದಲ್ಲಿ ತರಗೆಲೆ ಗುಡ್ಡೆ ಹಾಕಿ, ಸೊಂಟಕ್ಕೆ ತೆಂಗಿನ ಗರಿ ಕಟ್ಟಿಕೊಂಡು ಕೋಲದ ಆಟ ಆಡುತ್ತಿದ್ದೆವು. ದೈವ ಯಾವಾಗಲೂ ನನ್ನ ತಮ್ಮ ಕುಶನೇ. ಬೇರೆಯವರಿಗೆ ಬಿಟ್ಟುಕೊಟ್ಟವನಲ್ಲ ಪುಣ್ಯಾತ್ಮ.

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ ಅವನು ಆಡಲಿಲ್ಲ. ತಿಂಗಳಿಂದ ಜ್ವರ. ನಾಪೋಕ್ಲಿನ ಔಷಧಿ, ಮಡಿಕೇರಿಯ ಇಂಜೆಕ್ಷನ್ ಎಲ್ಲ ಆಯಿತು, ಜ್ವರ ಇಳಿಯಲಿಲ್ಲ. ಅವ್ವ ದೇವರಕಾಡಿನ ಒಂದು ಹೊರೆ ಸೌದೆ ಹರಕೆ ಹೇಳಿಕೊಂಡಳು. ಮೀನು ತಿನ್ನುವುದು ಬಿಟ್ಟಳು, ಗಂಜಿ ಮತ್ತು ಮಿಡಿ ಉಪ್ಪಿನಕಾಯಿಯಲ್ಲೇ ದಿನ ತಳ್ಳಿದಳು.

ಅದೇ ವರ್ಷ ದೇವರಕಾಡಿನ ಮುಂದೆ ಅರಣ್ಯ ಇಲಾಖೆಯ ಬೋರ್ಡು ಬಂತು. ಇನ್ನು ಒಣಕಡ್ಡಿಯನ್ನೂ ಮುಟ್ಟುವಂತಿಲ್ಲ. ತೋಟ ಇದ್ದವರು ತಮ್ಮ ತಮ್ಮ ಹಲಸಿನ ಮರವನ್ನೇ ಹರಕೆ ಹೇಳಿಕೊಂಡು ಕಡಿದು ಕೊಟ್ಟರು. ನಮಗೆ ತೋಟವೆಲ್ಲಿ?

ಕೋಲದ ದಿನ ಬೆಳಿಗ್ಗೆ ಅವ್ವ ನನ್ನನ್ನೂ ಕರೆದುಕೊಂಡು ಕಾಡಿಗೆ ಹೋದಳು. ಬಿದ್ದ ಕೊಂಬೆಗಳನ್ನಷ್ಟೇ ಆರಿಸಿದಳು, ಯಾವ ಮರಕ್ಕೂ ಕತ್ತಿ ತಾಗಿಸಲಿಲ್ಲ. ಹೊರೆ ಹೊತ್ತು ವಾಪಸ್ ಬರುವಾಗ ಜೀಪು ಎದುರಾಯಿತು. ಗಾರ್ಡ್ ಇಳಿದರು.

"ಎಲ್ಲಿಂದ ತಂದದ್ದಮ್ಮ?"

"ನಮ್ಮ ಹಿತ್ತಿಲಿಂದ ಸಾರ್," ಎಂದಳು ಅವ್ವ.

ಅವರು ನನ್ನ ಕಡೆ ತಿರುಗಿದರು. "ಹೌದಾ ಮಗಳೇ?"

ಸಸಿ ಹಂಚಲು ನಮ್ಮ ಶಾಲೆಗೆ ಬಂದಿದ್ದವರು ಇವರೇ. ಕಾಡು ಕಾಯುತ್ತೇವೆ ಎಂದು ನಮ್ಮಿಂದ ಪ್ರತಿಜ್ಞೆ ಮಾಡಿಸಿದ್ದರು. ನನಗೋ ಜಾಣೆ ಅನಿಸಿಕೊಳ್ಳುವ ಚಟ. "ಅಲ್ಲ ಸಾರ್, ದೇವರಕಾಡಿಂದ," ಎಂದುಬಿಟ್ಟೆ. ಅಯ್ಯೋ, ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಮಗನ ಹರಕೆ ಸಾರ್. ಬಿದ್ದ ಸೌದೆ. ನಿಮ್ಮ ಕಾಲು ಹಿಡೀತೇನೆ," ಎಂದು ಅವ್ವ ರಸ್ತೆಯಲ್ಲೇ ಕುಸಿದಳು.

"ನಂಗೂ ಮಕ್ಕಳಿದ್ದಾರಮ್ಮ. ನಿಮ್ಮನ್ನ ಬಿಟ್ರೆ ನಾಳೆ ಊರೇ ಬರ್ತದೆ. ನಾನೇನು ಮಾಡ್ಲಿ ಹೇಳಿ?" ಎಂದರು ಗಾರ್ಡ್. ದೈವದ ಸೌದೆಯೆಂದು ಬೂಟು ಬಿಚ್ಚಿಯೇ ಹೊರೆಯನ್ನೆತ್ತಿ ಜೀಪಿಗೆ ಹಾಕಿದರು.

ಅವ್ವ ಎದ್ದು ಓಡಿದಳು. ಪಕ್ಕದ ಎಸ್ಟೇಟಿನಲ್ಲಿ ಕತ್ತರಿಸಿ ಹಾಕಿದ್ದ ಕಾಫಿ ಕಡ್ಡಿಗಳನ್ನು ಬಾಚಿ ತಬ್ಬಿಕೊಂಡು ಕೋಲದ ಗದ್ದೆಗೆ ಬಂದಳು. ರಾಶಿ ಜೋಡಿಸುತ್ತಿದ್ದ ಊರಿನ ಅಜ್ಜರೊಬ್ಬರು ನೋಡಿ ಅಡ್ಡ ತಲೆಯಾಡಿಸಿದರು. "ಇದು ಆಗೂದಿಲ್ಲೆ ಮಗಾ. ಹೇಳ್ಕೊಂಡ ಸೌದೆನೇ ಆಗ್ಬೇಕು." ಸಂಜೆ ರಾಶಿಗೆ ಬೆಂಕಿ ಇಟ್ಟಾಗಲೂ ಕಡ್ಡಿಗಳು ಅವ್ವನ ಮಡಿಲಲ್ಲೇ ಇದ್ದವು.

ಮಳೆಗಾಲ ಹಿಡಿಯುವ ಮೊದಲೇ ಕುಶ ಹೋದ.

ಅವ್ವ ನನ್ನನ್ನು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಈಗ ನಾನೇ ಶಾಲೆಯಲ್ಲಿ ಪರಿಸರ ಪಾಠ ಮಾಡುತ್ತೇನೆ, ಆ ಕಾನೂನು ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ. ಕಾಡು ಉಳಿದಿದೆ. ಒತ್ತೆಕೋಲಕ್ಕೆ ಪರ್ಮಿಟ್ಟಿನ ಸೌದೆ ಲಾರಿಯಲ್ಲಿ ಬರುತ್ತದೆ, ಅದರಲ್ಲಿ ಯಾವ ತಾಯಿಯ ಹೊರೆಯೂ ಇರುವುದಿಲ್ಲ. ಹೋದ ವರ್ಷ ಆ ಲಾರಿಯನ್ನು ನೋಡುತ್ತ ನಿಂತಿದ್ದಾಗ ತಡೆಯಲಾರದೆ ಕೇಳಿಬಿಟ್ಟೆ. "ಅವ್ವಾ, ಅವತ್ತು ನಾನು ಸುಳ್ಳು ಹೇಳಿದ್ರೆ ಕುಶ ಉಳಿತಿದ್ದನಾ?"

"ಉಳಿತಿದ್ದನೋ ಇಲ್ಲೆನೋ, ಯಾರಿಗೆ ಗೊತ್ತು," ಎಂದಳು ಅವ್ವ. "ಹರಕೆ ಕೊಟ್ಟೆ ಅಂತಾದ್ರೂ ಇರ್ತಿತ್ತ್. ನಂಗೆ ಅದೂ ಇಲ್ಲೆ."