ಒಂದು ಹೆಚ್ಚುವರಿ ಹಕಾರ

ನಮ್ಮ ಇಂಗ್ಲಿಷ್ ಮಿಸ್ ಪಾಠ ಮಾಡುವಾಗ ತುಟಿಯ ಮುಂದೆ ಒಂದು ಬಸ್ ಟಿಕೆಟ್ ಹಿಡಿದಿರುತ್ತಿದ್ದರು. ಬೆಳಿಗ್ಗೆ ಅಮೃತಹಳ್ಳಿಯಿಂದ ಸಂಜಯನಗರದ ನಮ್ಮ ಶಾಲೆಗೆ ಬರುವಾಗ ಕಂಡಕ್ಟರ್ ಹರಿದುಕೊಟ್ಟ ಟಿಕೆಟ್ಟೇ ಅದು. ಎರಡು ಬೆರಳ ನಡುವೆ ಅದನ್ನು ತೂಗಿಬಿಟ್ಟು 'ಹೌಸ್' ಎನ್ನುತ್ತಿದ್ದರು. ಟಿಕೆಟ್ ಪಟಪಟ ಅಲುಗುತ್ತಿತ್ತು. "ಅಲುಗಿದ್ರೆ ಹಕಾರ ಬಂತು ಅಂತ. ಅಲುಗ್ಲಿಲ್ಲ ಅಂದ್ರೆ ಇನ್ನೊಂದ್ ಸಲ ಹೇಳಿ."

ತೊಂದರೆ ಏನೆಂದರೆ, ಹಕಾರವೇ ಇಲ್ಲದ ಪದಕ್ಕೂ ಅವರ ಟಿಕೆಟ್ ಅಲುಗುತ್ತಿತ್ತು. ಮೊಟ್ಟೆ 'ಹೆಗ್' ಆಗುತ್ತಿತ್ತು, ಸೇಬು 'ಹ್ಯಾಪಲ್'.

ಇಡೀ ಶಾಲೆಯ ದನಿಗಳನ್ನು ಗುತ್ತಿಗೆ ಹಿಡಿದವನು ನಾನು. ಹೆಡ್‌ಮಾಸ್ಟರ ಕೆಮ್ಮು, ಪಿ.ಟಿ. ಮೇಷ್ಟ್ರ ಗದರಿಕೆ, ಗೇಟಿನಾಚೆ ಸೊಪ್ಪಿನವಳ ಕೂಗು, ಯಾವುದನ್ನೂ ನಕಲು ಮಾಡದೆ ಬಿಡುತ್ತಿರಲಿಲ್ಲ. ಒಡೆದುಹೋಗುತ್ತಿದ್ದ ನನ್ನದೇ ಗಂಟಲನ್ನೂ ಆಡಿಕೊಳ್ಳುತ್ತಿದ್ದೆ. ಎಂಟನೇ ಕ್ಲಾಸಿನಲ್ಲಿ ಒಂದು ದಿನ ಮೇಜಿನ ಮುಂದೆ ನಿಂತು, ತುಟಿಗೆ ಚೀಟಿ ಹಿಡಿದು, "ಚಿಲ್ಡ್ರನ್, ವಿ ಶುಡ್ ಹೀಟ್ ವನ್ ಹೆಗ್ ಹೆವ್ರಿ ಡೇ" ಎಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಮೇಲೆ ನಗು ಥಟ್ಟನೆ ನಿಂತಿತು. ಮಿಸ್ ಬಾಗಿಲಲ್ಲಿದ್ದರು.

"ನನ್ನ ಥರ ಮಾತಾಡ್ದೆ, ಚೆನ್ನಾಗೇ ಇತ್ತು. ಈಗ ನಿನ್ನ ಥರ ಒಂದು ವಾಕ್ಯ ಹೇಳೋ ಕೋತಿ."

ಬಾಯಿ ತೆರೆದೆ. ಯಾರ್ಯಾರದೋ ಇಂಗ್ಲಿಷ್ ನನ್ನಲ್ಲಿತ್ತು, ನನ್ನದು ಅಂತ ಒಂದು ವಾಕ್ಯವೂ ಇರಲಿಲ್ಲ.

ಅಂದಿನಿಂದ ದಿನಾ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ನನ್ನನ್ನು ಎದುರಿಗೆ ಕೂರಿಸಿಕೊಂಡರು. ಆ ದಿನ ಕಂಡದ್ದನ್ನು ಇಂಗ್ಲಿಷಿನಲ್ಲಿ ಹೇಳಬೇಕು, ಯಾರನ್ನೂ ನಕಲು ಮಾಡುವಂತಿಲ್ಲ. ಇವತ್ತು ಅದೇ ಶಾಲೆಯಲ್ಲಿ ನಾನು ಚಿಕ್ಕ ಮಕ್ಕಳಿಗೆ ಇಂಗ್ಲಿಷ್ ಮೇಷ್ಟ್ರಾಗಿದ್ದರೆ ಅದು ಆ ಅರ್ಧ ಗಂಟೆಗಳಿಂದ. ಮೇಷ್ಟ್ರಾದ ಮೇಲೂ ಸ್ಟಾಫ್ ರೂಮಿನಲ್ಲಿ ಅವರಿಗೆ ನಾನು ಕೋತಿಯೇ.

ಹಕಾರದ ಕಥೆ ಅವರು ಹೇಳಿದ್ದು ಅಲ್ಲೇ. ಅವರ ಮನೆಯಲ್ಲಿ ಹಸು 'ಅಸು', ಹಾಲು 'ಆಲು'. "ಕಾಲೇಜಿಗೆ ಸೇರಿದ ವಾರ, ಕ್ಯಾಂಟೀನಲ್ಲಿ ಒಂದು ಲೋಟ ಆಲು ಕೊಡಿ ಅಂದೆ ಕಣೋ. ಮೂರು ವರ್ಷ ಎಲ್ಲರೂ ನನ್ನನ್ನ ಆಲೂಗಡ್ಡೆ ಅಂತ್ಲೇ ಕರೆದ್ರು. ಇನ್ಮೇಲೆ ಒಂದು ಹಕಾರಾನೂ ಬಿಡಬಾರ್ದು ಅಂತ ಹಠ ಹಿಡಿದೆ. ಒಂದೆರಡು ಜಾಸ್ತಿನೇ ಬಂದ್ಬಿಟ್ವು, ಏನ್ ಮಾಡ್ಲಿ?"

ಐವತ್ತೆರಡು ತುಂಬಿದ ವರ್ಷ ಅವರಿಗೊಂದು ಹುಚ್ಚು ಹತ್ತಿತು. ಬೇಸಿಗೆ ರಜೆಯಲ್ಲಿ ಹೊರದೇಶಕ್ಕೆ ಹೋಗಿ ಇಂಗ್ಲಿಷ್ ಪಾಠ ಮಾಡಬೇಕು, ಶಾಲೆ ಶುರುವಾಗುವುದರೊಳಗೆ ವಾಪಸ್ ಬರಬೇಕು. ಥಾಯ್ಲೆಂಡಿನಲ್ಲೂ ಏಪ್ರಿಲ್ ಅಂದರೆ ರಜೆ. ಅಲ್ಲಿನ ಮಕ್ಕಳ ಬೇಸಿಗೆ ಶಿಬಿರಗಳಿಗೆ ಕೆಲವು ವಾರದ ಮಟ್ಟಿಗೆ ಮೇಷ್ಟ್ರುಗಳನ್ನು ಕರೆಸಿಕೊಳ್ಳುತ್ತಾರೆಂದು ಎಲ್ಲೋ ಓದಿಕೊಂಡಿದ್ದರು.

"ಯಾಕ್ ಮಿಸ್, ಇಲ್ಲಿ ನಾವು ಕೊಡೋ ಕಾಟ ಸಾಲ್ದಾ?" ಎಂದೆ.

"ಇಲ್ಲಿ ಕಷ್ಟ ಆದ ತಕ್ಷಣ ಕನ್ನಡಕ್ಕೆ ಹಾರ್ಕೊಂಡ್ಬಿಡ್ತೀನಿ. ಕನ್ನಡವೇ ಇಲ್ಲದ ಕಡೆ, ಬರೀ ನನ್ನ ಇಂಗ್ಲಿಷ್ ಇಟ್ಕೊಂಡು ಒಂದು ಕ್ಲಾಸು ನಡೆಸ್ತೀನಾ ಇಲ್ವಾ? ಇಪ್ಪತ್ತೆಂಟು ವರ್ಷ ಆಯ್ತು, ಇನ್ನೂ ನಂಗೇ ಗೊತ್ತಿಲ್ಲ."

ಮಿಸ್ ಮದುವೆಯಾಗಿರಲಿಲ್ಲ, ಅಣ್ಣನ ಮನೆಯಲ್ಲಿದ್ದರು. ಅಣ್ಣ ಹೊಲವನ್ನೆಲ್ಲ ಸೈಟು ಮಾಡಿ ಮಾರಿದವರು. "ಸೈಟು ಮಾರಿದ ಗಂಡಸ್ರೆಲ್ಲ ಥಾಯ್ಲೆಂಡಿಗೆ ಓಗ್ಬಂದವ್ರೆ, ಯಾತಕ್ಕೆ ಅಂತ ಊರಿಗೇ ಗೊತ್ತು. ಪಾಠ ಮಾಡಕ್ಕೆ ಓಗೋಳು ನೀನೊಬ್ಳೇ ಕಣಮ್ಮ," ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ.

ಅರ್ಜಿಗಳು ಹೋದವು. ನೇಟಿವ್ ಸ್ಪೀಕರ್, ಅಂದರೆ ಇಂಗ್ಲಿಷೇ ತಾಯ್ನುಡಿಯಾದವರು ಮಾತ್ರ ಬೇಕು ಎಂದು ಉತ್ತರಗಳು ಬಂದವು. "ನೇಟಿವ್ವಾ? ಅಮೃತಹಳ್ಳೀಲಿ ನನಗಿಂತ ನೇಟಿವ್ ಯಾರೋ ಇದ್ದಾರೆ?" ಎಂದು ಮಿಸ್ ಫೋನನ್ನೇ ಗದರಿಸಿದರು. ಕೊನೆಗೆ ಒಂದು ಶಿಬಿರದವರು, ಕೆಲಸದ ಪರ್ಮಿಟ್ ನಾವೇ ಮಾಡಿಸುತ್ತೇವೆ, ಎರಡು ವಾರದೊಳಗೆ ಫೋನಿನಲ್ಲೇ ಸಂದರ್ಶನ ಎಂದು ಬರೆದರು.

ಮಿಸ್ ನನ್ನನ್ನು ಕರೆದರು. "ನಿನ್ನ ಚೇಷ್ಟೆ ಇವತ್ತು ಉಪಯೋಗಕ್ಕೆ ಬಂತು. ಸಂದರ್ಶನ ಮಾಡೋ ಮೇಡಮ್ಮು ನೀನೇ. ಹೇಳದೆ ಕೇಳದೆ ಫೋನ್ ಮಾಡು. ದಿಗಿಲು ಬಿದ್ರೇನೇ ಅಭ್ಯಾಸ ಆಗೋದು."

ನಾನು ಬಿಡುತ್ತೇನೆಯೇ! ಗೆಳೆಯರ ಫೋನು ಬೇಡಿ, ದಿನಕ್ಕೊಂದು ನಂಬರಿನಿಂದ ಕರೆದೆ. ಒಮ್ಮೆ ಅಮೆರಿಕದವಳಾದೆ, ಒಮ್ಮೆ ಲಂಡನ್ನಿನ ಮುದುಕಿ, ಒಮ್ಮೆ ಮೂಗಿನಲ್ಲಿ ರಾಗ ಎಳೆಯುವ ಥಾಯ್ ಮೇಡಮ್. ಮೊದಮೊದಲು ಮಿಸ್ ಎದ್ದು ನಿಂತು 'ಯೆಸ್ ಮ್ಯಾಡಮ್' ಎನ್ನುತ್ತಿದ್ದರು. ಬರಬರುತ್ತ ಎರಡನೇ ಮಾತಿಗೇ ನನ್ನನ್ನು ಹಿಡಿಯತೊಡಗಿದರು. ಉತ್ತರಗಳಂತೂ ನೆಟ್ಟಗಾದವು. ಹೆಗ್ ಕೂಡ ಹತ್ತರಲ್ಲಿ ಆರು ಸಲ ಎಗ್ ಆಯಿತು.

ಒಂದು ಶನಿವಾರ ಸ್ಟಾಫ್ ರೂಮಿಗೆ ನಗುತ್ತಲೇ ಬಂದರು. "ನಿನ್ನೆ ಸೂಪರ್ ಕಣೋ! ಹೆಬ್ಬಾಳದ ಹತ್ರ ಬಸ್ಸಲ್ಲಿ ನಿಂತಿದ್ದೆ, ಕನ್ನಡಕಾನೂ ಹಾಕಿರ್ಲಿಲ್ಲ. ಥಾಯ್ ಮೇಡಮ್ ರಾಗ ಎಷ್ಟು ಚೆನ್ನಾಗಿ ಎಳೆದೆ! ಸಾಕು ಇಡೋ ಕೋತಿ, ಮೂಗಲ್ಲಿ ಮಾತಾಡಿದ್ರೆ ಥಾಯ್ ಆಗ್ಬಿಡಲ್ಲ ಅಂತ ಕಟ್ ಮಾಡ್ದೆ. ನೀನು ಮತ್ತೆ ಮಾಡ್ದೆ, ನಾನು ಮತ್ತೆ ಕಟ್!"

ನಾನು ನಗಲಿಲ್ಲ. "ಮಿಸ್, ನಿನ್ನೆ ನಾನು ಫೋನೇ ಮಾಡ್ಲಿಲ್ಲ."

"ಆಟ ಆಡ್ಬೇಡ."

"ದೇವ್ರಾಣೆ ಮಿಸ್."

ಕನ್ನಡಕ ಹುಡುಕಿ ಹಾಕಿಕೊಂಡು ಫೋನ್ ನೋಡಿದರು. ಹೊರದೇಶದ ನಂಬರು. ವಾಪಸ್ ಕರೆದೆವು, ಯಾರೂ ಎತ್ತಲಿಲ್ಲ. ಕ್ಷಮೆ ಕೇಳಿ ಬರೆದೆವು. ಸೋಮವಾರ ಉತ್ತರ ಬಂತು: ಜಾಗ ಭರ್ತಿಯಾಗಿದೆ, ಮುಂದಿನ ವರ್ಷ ಮತ್ತೆ ಅರ್ಜಿ ಹಾಕಿ.

ಅವರು ನನಗೊಂದು ಏಟು ಬಿಗಿದಿದ್ದರೆ ಇಷ್ಟು ನೋಯುತ್ತಿರಲಿಲ್ಲ. "ಅಸಲಿ ಮೇಡಮ್ಮೇ ಮಾತಾಡಿದ್ರೂ ನೀನೇ ಅನ್ಕೊಂಡೆ ಅಂದ್ರೆ, ನೀನು ಅಷ್ಟು ಚೆನ್ನಾಗಿ ಮಾಡಿದ್ದೆ ಅಂತ ಆಯ್ತಲ್ಲೋ," ಎಂದರು. ಆಮೇಲೆ ಫೋನನ್ನು ಚೀಲಕ್ಕೆ ಹಾಕುತ್ತ, "ಓಗ್ಲಿ ಬಿಡು. ಮುಂದಿನ ಏಪ್ರಿಲ್ ಇದೆಯಲ್ಲ," ಎಂದರು.

'ಓಗ್ಲಿ.' ಅಷ್ಟು ವರ್ಷದಲ್ಲಿ ಅವರ ಬಾಯಿಂದ ಹಕಾರ ಜಾರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಮರುವರ್ಷದ ಏಪ್ರಿಲ್ ತನ್ನ ಪಾಡಿಗೆ ಬಂತು. ಮಿಸ್ ಇರಲಿಲ್ಲ. ಸಂಕ್ರಾಂತಿ ಕಳೆದ ವಾರ, ಮನೆಯ ಜಗಲಿಯ ಮೇಲೆ ಎದೆ ಹಿಡಿದುಕೊಂಡು ಕುಳಿತವರು ಏಳಲಿಲ್ಲ.

ತಿಥಿಯ ದಿನ ಅಣ್ಣ ಅವರ ಪಾಸ್‌ಪೋರ್ಟ್ ತಂದು ತೋರಿಸಿದರು. "ನೋಡಪ್ಪ, ಒಂದು ಸೀಲೂ ಬಿದ್ದಿಲ್ಲ. ಯಾಕೋ ಬ್ಯಾಡ ಅನ್ನಿಸ್ತು ಅಂದ್ಲು. ನಾನು ನಕ್ಕಿದ್ದಕ್ಕೇ ಓಗ್ಲಿಲ್ವೇನೋ."

ಈ ವಿಷಯದಲ್ಲಿ ನನ್ನ ಹೆಸರನ್ನು ಮಿಸ್ ಮನೆಯಲ್ಲಿ ಎತ್ತಿಯೇ ಇರಲಿಲ್ಲ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. "ಇಲ್ಲ ಸಾರ್, ನಿಮ್ಮಿಂದಲ್ಲ. ನನ್ನಿಂದ," ಎಂದು ಎಲ್ಲ ಹೇಳಿದೆ. ಅವರು ಪಾಸ್‌ಪೋರ್ಟಿನ ಒಳಗಿದ್ದ ಒಂದು ಬಸ್ ಟಿಕೆಟ್ ತೆಗೆದು ನನ್ನ ಕೈಗಿಟ್ಟರು.

"ಅಂಗಾದ್ರೆ ನೀನೇ ಓಗ್ಬಾ."

ಅದೇ ಶಿಬಿರಕ್ಕೆ ಅರ್ಜಿ ಹಾಕಿದೆ. ಫೋನ್ ಬಂತು. ಆ ಮೇಡಮ್ಮಿನ ದನಿಗೂ ನಾನು ಮಾಡುತ್ತಿದ್ದ ನಕಲಿಗೂ ಏನೇನೂ ಹೋಲಿಕೆ ಇರಲಿಲ್ಲ. ಮಿಸ್ ನನ್ನ ಕಲೆಯನ್ನು ಅಷ್ಟು ನಂಬಿಬಿಟ್ಟಿದ್ದರು.

ಕೆಲಸ ಸಿಕ್ಕಿತು. ಥಾಯ್ಲೆಂಡಿನಲ್ಲಿ ಮೊದಲ ದಿನ, ಇಪ್ಪತ್ತು ಮಕ್ಕಳು. ಬೋರ್ಡಿನ ಮೇಲೆ ಮೊಟ್ಟೆಯ ಚಿತ್ರ ಬರೆದು, ಟಿಕೆಟ್ಟನ್ನು ತುಟಿಯ ಮುಂದೆ ಹಿಡಿದೆ. ಅಕ್ಷರಗಳೆಲ್ಲ ಅಳಿಸಿಹೋಗಿ ಅದು ಬರೀ ಬಿಳಿ ಚೀಟಿಯಾಗಿತ್ತು. ಬಾಯಿ ತೆರೆದರೆ ಬಂದದ್ದು ನನ್ನ ದನಿಯಲ್ಲ.

"ಹೆಗ್."

ಟಿಕೆಟ್ ಅಲುಗಿತು. ಇಪ್ಪತ್ತು ಬಾಯಿಗಳು ಒಟ್ಟಿಗೆ "ಹೆಗ್!" ಎಂದವು.

ಮರುದಿನ ತಿದ್ದಿದೆ. ಆದರೆ ಆ ದಿನ ಅಲ್ಲಿ ಮಿಸ್ ಕ್ಲಾಸು ನಡೆಸುತ್ತಿದ್ದರು. ನಡುವೆ ಬಾಯಿ ಹಾಕುವ ಧೈರ್ಯ ಈ ಕೋತಿಗೆ ಬರಲಿಲ್ಲ.