ಓನರಮ್ಮನ ಕಬ್ಬಕ್ಕಿ ವರದಿ

ಮರೆತದ್ದನ್ನು ಮರಳಿ ತರುವುದರಲ್ಲಿ ಮೂಗಿನಷ್ಟು ಸಮರ್ಥವಾದ ಇಂದ್ರಿಯ ಇನ್ನೊಂದಿಲ್ಲ ಎಂದು ತಿಳಿದವರು ಹೇಳುತ್ತಾರೆ. ತಿಳಿದವರು ಬೊಮ್ಮಸಂದ್ರದ ಸುತ್ತಮುತ್ತ ಬಾಡಿಗೆಗೆ ಇದ್ದವರಲ್ಲ. ಇಲ್ಲಿ ಗಾಳಿ ಔಷಧಿ ಕಾರ್ಖಾನೆಗಳ ಕಡೆಯಿಂದ ಬೀಸಿದರೆ ಹಳೆಯ ನೆನಪು ಹಾಗಿರಲಿ, ತಟ್ಟೆಯಲ್ಲಿರುವುದು ಉಪ್ಪಿಟ್ಟೋ ಚಿತ್ರಾನ್ನವೋ ಎಂಬುದನ್ನೂ ಕಣ್ಣಿನಿಂದಲೇ ತೀರ್ಮಾನಿಸಬೇಕು. ಈ ಕಡೆಯ ಒಂದು ಕಾರ್ಖಾನೆಯಲ್ಲಿ ಬಹಳ ವರ್ಷಗಳಿಂದ ಸ್ಟೋರ್‌ಕೀಪರ್ ಆಗಿರುವ ನನ್ನ ಮೂಗು ನನಗಿಂತ ಮೊದಲೇ ನಿವೃತ್ತಿ ಪಡೆದಿದೆ. ಆದರೂ ಕಳೆದ ವಾರ ಹಳೆಯ ದಿಂಬೊಂದು ಹರಿದು, ಒಳಗಿನ ಬೂರುಗದ ಹತ್ತಿ ಕೋಣೆಯ ತುಂಬ ಹಾರಾಡಿದಾಗ ಬಿಸಿಲಿಗೆ ಕಾದ ತಾರಸಿಯ ವಾಸನೆ ಬಂತು. ಹೆಂಡತಿ ಪೊರಕೆ ತರಲು ಹೋದಳು. ನಾನು ಮಂಚದ ಅಂಚಿನಲ್ಲಿ ಕೂತೇ ಇದ್ದೆ...

ಆ ದಿಂಬನ್ನು ಹೊಲಿದು ಕೊಟ್ಟವರು ನಮ್ಮ ಓನರಮ್ಮ.

ಚಂದಾಪುರದಿಂದ ಸ್ವಲ್ಪ ಒಳಗೆ, ಕೆರೆಯ ಪಕ್ಕ ಅವರ ಹೊಲವಿತ್ತಂತೆ. ನಾನು ಬರುವ ಹೊತ್ತಿಗೆ ಹೊಲ ಹೋಗಿ ಸಾಲಾಗಿ ಎಂಟು ಬಾಡಿಗೆ ಮನೆಗಳಾಗಿದ್ದವು. ಅದರಲ್ಲಿ ಮೂರನೆಯದು ನನ್ನದು. ಹಳೆಯ ದಿನಗಳಿಂದ ಉಳಿದದ್ದು ಏರಿಯ ಬದಿಯ ಒಂದು ಬೂರುಗದ ಮರ ಮಾತ್ರ. ಓನರಮ್ಮನ ಮಾವ ನೆಟ್ಟ ಮರ. ಆದರೆ ಅಳತೆ ಮಾಡಿದವರು ಅದನ್ನು ರಸ್ತೆಗೆ ಸೇರಿಸಿಬಿಟ್ಟಿದ್ದರು.

ಬೆಳಿಗ್ಗೆ ಆರೂವರೆಗೆ ಓನರಮ್ಮ ಮೋಟಾರು ಹಾಕಿ, ಗಂಡನ ಹಳೆಯ ಸ್ವೆಟರು ತೊಟ್ಟು, ಟ್ಯಾಂಕು ತುಂಬುವುದನ್ನು ಕಾಯಲು ತಾರಸಿಗೆ ಹತ್ತುತ್ತಿದ್ದರು. ಟ್ಯಾಂಕು ತುಂಬಲು ಅರ್ಧ ಗಂಟೆ. ಆ ಅರ್ಧ ಗಂಟೆ ಮರ ನೋಡುವುದಕ್ಕೆ. ಸಂಕ್ರಾಂತಿ ಕಳೆದು ಬೂರುಗ ಎಲೆಯೆಲ್ಲ ಉದುರಿಸಿ ಕೆಂಪಗೆ ಹೂಬಿಟ್ಟರೆ, ಎಲ್ಲಿಯೋ ಹಿಮಾಲಯದ ಆಚೆಯ ಗುಲಾಬಿ ಕಬ್ಬಕ್ಕಿಗಳು ಊರಿಗೆ ಹಿಂದಿರುಗುವ ಮುಂಚೆ ಇಲ್ಲಿ ಇಳಿದು, ಜೇನು ಕುಡಿದು, ವಿಪರೀತ ಗದ್ದಲ ಮಾಡಿ ಹೋಗುತ್ತಿದ್ದವು. ಗುಲಾಬಿ ಮೈ, ಕಪ್ಪು ತಲೆ, ಕಪ್ಪು ರೆಕ್ಕೆ. ಓನರಮ್ಮ ಅವನ್ನು ನೆಂಟರು ಎನ್ನುತ್ತಿದ್ದರು. "ಉಣ್ಣಕ್ಕೆ ಬತ್ತವೆ, ಜಗಳ ಆಡ್ತವೆ, ಯೋಳ್ದೆ ಕೇಳ್ದೆ ಓಯ್ತವೆ. ಇನ್ನೇನನ್ನಾನಾ?"

ಆಗ ಹಕ್ಕಿ ನೋಡುವ ಸ್ವಯಂಸೇವಕರ ಗುಂಪೊಂದಿತ್ತು. ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದ ಒಬ್ಬ ಮೇಡಂ ಅದನ್ನು ನಡೆಸುತ್ತಿದ್ದರು. ವಲಸೆ ಹಕ್ಕಿ ಯಾವ ಕೆರೆಗೆ ಯಾವತ್ತು ಮೊದಲು ಬಂತು ಎಂಬುದನ್ನು ಸಂಕ್ರಾಂತಿಯಿಂದ ಯುಗಾದಿಯವರೆಗೆ ದಿನವೂ ಫೋನಿನಲ್ಲಿ ಬರೆದು ಕಳಿಸಬೇಕು. ಯುಗಾದಿಗೆ ಎಲ್ಲ ಸೇರಿಸಿ ಒಂದು ಪಟ್ಟಿ. ಒಂದು ಭಾನುವಾರ ಮೇಡಂ ನಮ್ಮ ಕೆರೆಗೆ ಬಂದವರು ತಾರಸಿಯ ಮೇಲಿದ್ದ ಓನರಮ್ಮನನ್ನು ಕಂಡು ಮಾತಾಡಿಸಿದರು.

"ಬರದೆ ಇದ್ರೆ ಏನ್ ಬರೀಬೇಕವ್ವ?" ಎಂದು ಓನರಮ್ಮ ಕೇಳಿದರು.

"ಇಲ್ಲ ಅಂತ ಬರೀರಿ ಅಮ್ಮ. ಅದೂ ವರದಿನೇ."

ಓನರಮ್ಮ ನನ್ನ ಕಡೆ ತಿರುಗಿದರು. "ನೋಡ್ದಾ, ಬರಲಿಲ್ಲ ಅಂದ್ರೂ ಬರ್ಕತಾರಂತೆ. ನಮ್ಮೆಜಮಾನ್ರು ಮೂರ್ ಮೂರ್ ದಿನ ಮನೇಗ್ ಬತ್ತಿರಲಿಲ್ಲ, ಒಬ್ರಾದ್ರೂ ಬರ್ಕಂಡ್ರಾ?" ಆಮೇಲೆ ಮುಖ ಗಟ್ಟಿ ಮಾಡಿಕೊಂಡು ಮೇಡಂ ಅವರನ್ನು ಕೇಳಿದರು: "ಈ ಮರಕ್ಕೆ ಇಂಗೆ ನೆಂಟ್ರು ಬತ್ತಾರೆ ಅಂತ ನಿಮ್ಮ ಪಟ್ಟೀಲಿದ್ರೆ, ನಾಳೆ ರಸ್ತೆಯೋರು ಕಡಿಯಕ್ಕೆ ಬಂದಾಗ ತೋರ್ಸಬೌದಾ?"

ತೋರಿಸಬಹುದು ಎಂದರು ಮೇಡಂ. ಓನರಮ್ಮ ಸೇರಿದ್ದು ಅದಕ್ಕೇ. ಅವರಿಗೆ ಓದು ಬರಹ ಇರಲಿಲ್ಲ, ಅಂಥ ಫೋನೂ ಇರಲಿಲ್ಲ. ಹೀಗಾಗಿ ನಾನು ಅವರ ಲಿಪಿಕಾರನಾಗಿ ನೇಮಕಗೊಂಡೆ. ಹೆಸರು ಅವರದು, ನಂಬರು ನನ್ನದು. ಸಂಬಳ ಒಂದು ಲೋಟ ಕಾಫಿ. ಐದು ವಸಂತ ಹೀಗೆ ನಡೆಯಿತು. ಅವರು ಎಣಿಸಿ ಹೇಳುವರು, ನಾನು ಒತ್ತಿ ಕಳಿಸುವೆ. "ಓಯ್ತಾ?" ಎಂದು ಕೇಳುವರು. "ಹೋಯ್ತಮ್ಮ" ಎನ್ನುವೆ. ಅಷ್ಟಾದ ಮೇಲೆಯೇ ಅವರು ಮೋಟಾರು ಆರಿಸಲು ಇಳಿಯುತ್ತಿದ್ದುದು.

ಆರನೆಯ ವರ್ಷ ತಂಗಿಗೆ ಹುಷಾರಿಲ್ಲವೆಂದು ಓನರಮ್ಮ ಮೂರು ದಿನ ಆನೇಕಲ್ಲಿಗೆ ಹೋದರು. ಮೋಟಾರಿನ ಜವಾಬ್ದಾರಿ ಸೊಸೆಗೆ, ಮರದ್ದು ನನಗೆ. ಮೊದಲ ಎರಡು ದಿನ ನಾನು ರಗ್ಗಿನೊಳಗಿಂದಲೇ "ಇಲ್ಲ" ಎಂದು ಬರೆದು ಕಳಿಸಿದೆ. ಚಳಿಯಿತ್ತು ಎಂದು ಹೇಳಬಹುದು. ಓನರಮ್ಮನಿಗೂ ಅದೇ ಚಳಿಯಿತ್ತು. ಮೂರನೆಯ ದಿನ ಕಣ್ಣು ಬಿಡುವ ಹೊತ್ತಿಗೆ ಮಾಕಳಿ ಕಡೆಯ ಸದಸ್ಯರೊಬ್ಬರು ಗುಂಪಿನಲ್ಲಿ ವರದಿ ಹಾಕಿದ್ದರು. ಕಬ್ಬಕ್ಕಿ, ಇನ್ನೂರು, ಈ ವರ್ಷದ ಮೊದಲ ಹಿಂಡು. ಐದು ವರ್ಷವೂ ಮೊದಲ ವರದಿ ನಮ್ಮ ಕೆರೆಯದೇ ಆಗಿತ್ತು. ಊರ ಮಾನ ನನ್ನ ಹೆಬ್ಬೆರಳಿನ ಮೇಲೆ ನಿಂತಿದೆ ಎಂದು ನನಗೆ ತೋರಿತು. ಮಲಗಿದಲ್ಲೇ ಬರೆದೆ: ಬೂರುಗದ ಮರ, ಇನ್ನೂರ ಐವತ್ತು.

ಹತ್ತು ನಿಮಿಷಕ್ಕೆ ಒಂದು ಫೋಟೋ ಬಂತು. ರಾತ್ರಿ ಪಾಳಿ ಮುಗಿಸಿ ಅದೇ ರಸ್ತೆಯಲ್ಲಿ ಬರುತ್ತಿದ್ದ ಲೇತ್ ಆಪರೇಟರ್ ಒಬ್ಬ, ಅವನೂ ಗುಂಪಿನ ಸದಸ್ಯನೇ, ಆಗತಾನೇ ತೆಗೆದದ್ದು. ತಂತಿಗೆ ತಾಗುತ್ತಿದ್ದ ಕೊಂಬೆ ಸವರಲು ಲೈನ್‌ಮನ್‌ಗಳು ಬೆಳಕಾಗುವ ಮೊದಲೇ ಬಂದು ಮರ ಹತ್ತಿದ್ದರು. ನಾಲ್ಕು ಜನ, ಎರಡು ಏಣಿ, ಒಂದೂ ಹಕ್ಕಿಯಿಲ್ಲ. ಕೆಳಗೆ ಅವನ ಪ್ರಶ್ನೆ: "ಗುರು, ಇನ್ನೂರ ಐವತ್ತು ಎಲ್ಲಿ ಕೂತಿದ್ವು? ಲೈನ್‌ಮನ್ ತಲೆ ಮೇಲಾ?"

ಮೇಡಂ ಫೋನ್ ಮಾಡಿದರು. "ಸಾರ್, ನೀವೇ ನೋಡಿದ್ರಾ?"

"ನೋಡ್ದೆ ಮೇಡಂ."

ಮೇಡಂ ದನಿ ಏರಿಸದೆ ಹೇಳಿದರು: "ಈ ಸಲದ ಪಟ್ಟಿನ ರಸ್ತೆ ಆಫೀಸ್‌ನೋರು ಕೇಳಿದ್ದಾರೆ ಸಾರ್. ಯಾವ ಮರ ಬಿಡಬೇಕು ಅಂತ ಅದ್ರಲ್ಲೇ ನೋಡ್ತಾರೆ. ಒಂದು ಸುಳ್ಳು ಸಿಕ್ಕಿದ್ರೆ ಬೇರೆ ಕೆರೆ ಮರಗಳೂ ಹೋಗ್ತವೆ. ನಿಮ್ಮ ನಂಬರಿಂದ ಬಂದಿದ್ದೆಲ್ಲ ನಾನು ತೆಗೀಲೇಬೇಕು, ಐದು ವರ್ಷದ್ದೂ. ಅಮ್ಮನಿಗೆ ನಾನು ಹೇಳ್ಲಾ, ನೀವೇ ಹೇಳ್ತೀರಾ?"

"ನಾನೇ ಹೇಳ್ತೀನಿ" ಎಂದೆ. ಆ ದಿನ ನಾನು ಹೇಳಿದ ಮೂರನೆಯ ಸುಳ್ಳು ಇದು. ಹೇಳುವಾಗ ಅದು ಸುಳ್ಳೆಂದು ನನಗೆ ಗೊತ್ತಿರಲಿಲ್ಲ.

ಮರುದಿನ ಆರೂವರೆಗೆ ಓನರಮ್ಮ ತಾರಸಿಯ ಮೇಲಿದ್ದರು. ಸವರಿದ ಮರ ನೋಡಿ ಲೈನ್‌ಮನ್‌ಗಳ ವಂಶವನ್ನೆಲ್ಲ ವಿಚಾರಿಸಿಕೊಂಡರು. ಆಮೇಲೆ "ಇಲ್ಲ ಅಂತ ಬರಿಯಪ್ಪ" ಎಂದರು. ಗುಂಪಿನಿಂದ ನನ್ನ ನಂಬರನ್ನು ತೆಗೆದಾಗಿತ್ತು. ನಾನು ಫೋನಿನ ಮೇಲೆ ಬೆರಳಾಡಿಸಿದೆ.

"ಓಯ್ತಾ?"

"ಹೋಯ್ತಮ್ಮ."

ನಾಳೆ ಹೇಳೋಣ ಎಂದುಕೊಂಡೆ. ನಾಳೆಯೂ ಬೆರಳಾಡಿಸಿದೆ. ಎಂಟನೆಯ ದಿನ ಕಬ್ಬಕ್ಕಿಗಳು ನಿಜವಾಗಿಯೇ ಬಂದವು. ಉಳಿದಿದ್ದ ಕೊಂಬೆಗಳಲ್ಲಿ ಒಂದೂ ಕಾಣದಂತೆ ತುಂಬಿಕೊಂಡವು. ಓನರಮ್ಮ ತುಟಿಯಾಡಿಸುತ್ತ ಎರಡು ಸಲ ಎಣಿಸಿದರು. "ನೂರ ಎಂಬತ್ತು ಅಂತ ಆಕು. ಜಾಸ್ತಿ ಬರೀಬ್ಯಾಡ. ನಮ್ಮ ಮಾತ್ ಮ್ಯಾಲೆ ಮರ ನಿಂತೈತೆ." ನಾನು ಎಲ್ಲಿಗೂ ಹೋಗದ ನೂರ ಎಂಬತ್ತನ್ನು ಬಹಳ ಜಾಗ್ರತೆಯಿಂದ ಬರೆದೆ. ಯುಗಾದಿಗೆ ಪಟ್ಟಿ ಬಂತೆಂದು ಹೇಳಿ, ನಮ್ಮ ಕೆರೆಯನ್ನು ನಾನೇ ಸೇರಿಸಿ ಓನರಮ್ಮನಿಗೆ ಓದಿದೆ. ಮೊದಲು ಮಾಕಳಿ ಕಡೆಯವರು, ಎರಡನೆಯದು ನಾವು. "ಓಗ್ಲಿ ಬಿಡು, ಒಂದ್ ವರ್ಸ ಅವರೂ ಗೆಲ್ಲಲಿ" ಎಂದರು. ಹೋಳಿಗೆ ಕೊಟ್ಟರು. ತಿಂದೆ.

ಬೇಸಿಗೆಯಲ್ಲಿ ಕಾಯಿ ಒಡೆದು ಹತ್ತಿ ಹಾರತೊಡಗಿತು. ಅದನ್ನು ಆರಿಸಿ, ತಾರಸಿಯಲ್ಲಿ ಒಣಗಿಸಿ, ನನ್ನ ಕುತ್ತಿಗೆ ನೋವಿಗೆಂದು ದಿಂಬು ಹೊಲಿದು ಕೊಟ್ಟರು. ಬರೆದುಕೊಟ್ಟ ಉಪಕಾರಕ್ಕಂತೆ...

ಮಳೆಗಾಲಕ್ಕೆ ಮುಂಚೆ ರಸ್ತೆಯವರು ಬಂದರು. ನಾನು ಊಟದ ಡಬ್ಬಿ ಹಿಡಿದು ಏರಿಯ ಕೊನೆಯಲ್ಲಿ ಕಂಪನಿ ಬಸ್ಸಿಗೆ ಕಾಯುತ್ತಿದ್ದೆ. ಓನರಮ್ಮ ಗಾಬರಿಯಿಲ್ಲದೆ, ಮದುವೆ ಮನೆಯ ಬಾಗಿಲಲ್ಲಿ ನಿಂತವರಂತೆ ಮರದ ಬುಡದಲ್ಲಿ ನಿಂತಿದ್ದರು.

"ಈ ಮರ ಪಟ್ಟೀಲೈತೆ ಕಣ್ರಪ್ಪ. ಓದಿ ನೋಡ್ರಿ."

ಮೇಸ್ತ್ರಿ ಒರಟನಲ್ಲ. ಕಾಗದ ತೆಗೆದು, ಬೆರಳಿಟ್ಟು, ಮೇಲಿನಿಂದ ಕೆಳಗೆ ಎರಡು ಸಲ ಓದಿದ. "ನಿಮ್ಮ ಕೆರೆ ಹೆಸ್ರೇ ಇಲ್ಲಮ್ಮ ಇದ್ರಲ್ಲಿ."

"ಐತೆ ನೋಡಪ್ಪ. ಎರಡ್ನೇದು."

"ಎರಡನೇದು ಬೇರೆ ಕೆರೆ ಅಮ್ಮ."

ಆಗ ಓನರಮ್ಮ ನನ್ನ ಕಡೆ ನೋಡಿದರು. ಬಹಳ ಹೊತ್ತೇನೂ ಅಲ್ಲ. ನಾನು ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದೆ. ಅವರಿಗೆ ಅರ್ಥವಾಯಿತೆಂದು ನನಗೆ ಅರ್ಥವಾಯಿತು.

"ಬಸ್ ಬಂತು ನೋಡು" ಎಂದರು. "ಓಗಪ್ಪ."

ಹೋದೆ.

ಅವರು ಬೈಯಲಿಲ್ಲ, ಮನೆ ಬಿಡು ಎನ್ನಲಿಲ್ಲ, ಯಾಕೆಂದು ಕೇಳಲೂ ಇಲ್ಲ. ಬೈದಿದ್ದರೆ ನಾನು ಲೈನ್‌ಮನ್‌ಗಳ ಕಥೆ ಹೇಳುತ್ತಿದ್ದೆನೇನೋ. ಮಾರನೆಯ ದಿನದಿಂದ ಟ್ಯಾಂಕು ಕಾಯಲು ಸೊಸೆ ಹತ್ತುತ್ತಿದ್ದಳು. ಎದುರಾದಾಗ ಓನರಮ್ಮ "ಕಾಫಿ ಆಯ್ತಾ?" ಎನ್ನುತ್ತಿದ್ದರು. "ಆಯ್ತಮ್ಮ" ಎನ್ನುತ್ತಿದ್ದೆ. ಆಗಿರುತ್ತಿರಲಿಲ್ಲ. ಮುಂದಿನ ಸಂಕ್ರಾಂತಿಗೆ ಮರವೂ ಇರಲಿಲ್ಲ, ಅವರೂ ಇರಲಿಲ್ಲ. ನಾನು ಆ ಮನೆ ಬಿಟ್ಟು ಎರಡು ಬೀದಿ ಈಚೆಗೆ ಬಂದೆ. ಈಗಲೂ ಕೆಲವು ಬೆಳಿಗ್ಗೆ ಆರೂವರೆಗೆ, ಎಲ್ಲಿಯೋ ಯಾರೋ ಮೋಟಾರು ಹಾಕಿದ ಸದ್ದಾದರೆ, ಬಲಗೈ ಹೆಬ್ಬೆರಳು ತಾನಾಗಿ ಅಲ್ಲಾಡುತ್ತದೆ. ವೈದ್ಯರು ನರದ ತೊಂದರೆ ಎಂದಿದ್ದಾರೆ. ಇರಬಹುದು.

ರಸ್ತೆ ಅಗಲವಾಯಿತು. ಕಂಪನಿ ಬಸ್ಸು ಈಗ ಏರಿಯ ಕೊನೆಯಲ್ಲಿ ನಿಲ್ಲುವುದಿಲ್ಲ, ಮರವಿದ್ದ ಜಾಗದಲ್ಲಿ ನಿಲ್ಲುತ್ತದೆ. ನಾನು ಹತ್ತುವುದು ಅಲ್ಲೇ.